ದೊಡ್ಡರೋಗವು ಲೋಕದಿಂದ ತೊಲಗಿದ ಬಗೆ

ನಮ್ಮ ತಾಳವಾಡಿ ಸೀಮೆಯ ಹಿರಿಯರನ್ನು ದನಕರುಗಳ ವಿಚಾರವಾಗಿ ಮಾತಿಗೆಳೆದರೆ ದೊಡ್ಡರೋಗದ ಪ್ರಸ್ತಾಪ ಒಂದಲ್ಲ ಒಂದು ಕಡೆ ಬಂದೇ ತೀರುತ್ತದೆ. ಕೇರಿಯ ಕೊಟ್ಟಿಗೆಗಳು ಒಂದೆರಡು ವಾರದಲ್ಲಿ ಬರಿದಾದುದು, ಉಳಲು ಜೋಡಿ ಎತ್ತಿಲ್ಲದೆ ಮುಂಗಾರಿನ ಹದ ಕೈತಪ್ಪಿದುದು, ಸತ್ತ ರಾಸುಗಳನ್ನು ಹೂಳಲು ಆಳು ಸಾಲದಾದುದು, ಮಾರಿಗುಡಿಗೆ ಹರಕೆ ಹೊತ್ತುದು, ಇವೆಲ್ಲವೂ ಆ ಮಾತಿನಲ್ಲಿ ಬರುತ್ತವೆ. ಅದೇ ರೋಗದ ಹೆಸರನ್ನು ನಾವು ಏಳನೆಯ ತರಗತಿಯ ಮಕ್ಕಳ ಮುಂದೆ ಹೇಳಿದರೆ ಅವರು ಪಿಳಿಪಿಳಿ ನೋಡುತ್ತಾರೆ. ಮಕ್ಕಳದು ತಪ್ಪಲ್ಲ. ಅವರು ಹುಟ್ಟುವುದಕ್ಕೆ ಮೊದಲೇ ಆ ರೋಗ ಊರಿನಿಂದಷ್ಟೇ ಅಲ್ಲ, ಭೂಮಂಡಲದಿಂದಲೇ ಇಲ್ಲವಾಗಿತ್ತು.

ಮನುಷ್ಯನ ಪ್ರಯತ್ನದಿಂದ ಪ್ರಪಂಚದಲ್ಲಿ ಪೂರ್ಣವಾಗಿ ನಿರ್ಮೂಲವಾದ ರೋಗಗಳು ಇಂದಿಗೆ ಎರಡೇ ಎರಡು. ಒಂದು ಮನುಷ್ಯರ ಸಿಡುಬು. ಅದು ತೊಲಗಿತೆಂದು ೧೯೮೦ರಲ್ಲಿ ಸಾರಿದರು. ಇನ್ನೊಂದು ದನಗಳ ಈ ದೊಡ್ಡರೋಗ. ಇದನ್ನು ೨೦೧೧ರಲ್ಲಿ ಸಾರಿದರು. ಇಂಗ್ಲಿಷಿನಲ್ಲಿ ಇದನ್ನು ರಿಂಡರ್‌ಪೆಸ್ಟ್ ಎನ್ನುತ್ತಾರೆ. ಮೂಲತಃ ಅದು ಜರ್ಮನ್ ಮಾತು. ದನದ ಮಾರಿ ಎಂದು ಅರ್ಥ. ಈ ಮಾರಿಯನ್ನು ಓಡಿಸಿದುದು ಒಂದು ದೇಶವಲ್ಲ, ಒಬ್ಬ ಪಂಡಿತನಲ್ಲ. ದೇಶದೇಶಗಳು ಪರಸ್ಪರ ಕೈಹಿಡಿದ ಹೊರತು ಆಗದ ಕೆಲಸ ಇದಾಗಿತ್ತು. ಅದು ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ನಮ್ಮ ಕೊಟ್ಟಿಗೆಗೂ ಅದಕ್ಕೂ ಇಂದೇನು ಸಂಬಂಧ ಎಂಬುದನ್ನು ನಮ್ಮ ರೈತ ಬಾಂಧವರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ರೋಗದ ಸ್ವಭಾವವನ್ನು ತಿಳಿಯೋಣ. ಇದು ಒಂದು ವೈರಾಣುವಿನಿಂದ ಬರುವ ಕಾಯಿಲೆ. ಮಕ್ಕಳಿಗೆ ಬರುವ ದಡಾರದ ವೈರಾಣುವೂ ಇದೂ ಹತ್ತಿರದ ದಾಯಾದಿಗಳು. ದನಕ್ಕೆ ಮೊದಲು ಬಿರುಸಾದ ಜ್ವರ ಬರುವುದು. ಕಣ್ಣು ಮೂಗುಗಳಲ್ಲಿ ನೀರು ಸುರಿಯುವುದು. ಬಾಯೊಳಗೆ ಹುಣ್ಣಾಗಿ ಮೇವು ಬಿಡುವುದು. ಆಮೇಲೆ ದುರ್ವಾಸನೆಯ ಭೇದಿ ಹತ್ತಿಕೊಳ್ಳುವುದು. ಮೈಯ ನೀರೆಲ್ಲ ಹೋಗಿ, ಕಾಯಿಲೆ ಕಾಣಿಸಿಕೊಂಡ ಹತ್ತು ಹನ್ನೆರಡು ದಿನಗಳೊಳಗೆ ರಾಸು ನೆಲಕ್ಕೊರಗುವುದು. ಎಂದೂ ಈ ರೋಗ ಕಾಣದ ಸೀಮೆಗೆ ಅದು ಕಾಲಿಟ್ಟರೆ ನೂರಕ್ಕೆ ಎಂಬತ್ತು ತೊಂಬತ್ತು ದನಗಳು ಸಾಯುತ್ತಿದ್ದವು.

ಇಷ್ಟು ಕ್ರೂರವಾದ ರೋಗಕ್ಕೂ ಕೆಲವು ಬಲಹೀನತೆಗಳಿದ್ದವು. ಬದುಕಿ ಉಳಿದ ದನಕ್ಕೆ ಜೀವಮಾನದಲ್ಲಿ ಮತ್ತೆ ಈ ರೋಗ ಬರುತ್ತಿರಲಿಲ್ಲ. ಗುಣವಾದ ದನ ತನ್ನೊಳಗೆ ರೋಗವನ್ನು ಅಡಗಿಸಿಟ್ಟುಕೊಂಡು ಇತರ ದನಗಳಿಗೆ ಹಂಚುತ್ತಲೂ ಇರಲಿಲ್ಲ. ವೈರಾಣುವು ದನದ ಮೈಯಿಂದ ಹೊರಬಿದ್ದರೆ ಬಿಸಿಲಿಗೆ ಬಲುಬೇಗ ಸಾಯುತ್ತಿತ್ತು. ಆದುದರಿಂದ ಒಂದರ ಉಸಿರು ಇನ್ನೊಂದಕ್ಕೆ ತಾಕುವಷ್ಟು ಹತ್ತಿರ ಬಂದರೆ ಮಾತ್ರ ರೋಗ ಅಂಟುತ್ತಿತ್ತು. ಇವೆಲ್ಲಕ್ಕಿಂತ ಮುಖ್ಯವಾದುದು, ಪ್ರಪಂಚದ ಯಾವ ಮೂಲೆಯ ರೋಗಕ್ಕಾದರೂ ಒಂದೇ ಲಸಿಕೆ ಸಾಕಾಗುತ್ತಿತ್ತು. ಕಾಲುಬಾಯಿ ಜ್ವರದಲ್ಲಿ ಹಾಗಿಲ್ಲ. ಅದರಲ್ಲಿ ಏಳು ಜಾತಿಗಳಿವೆ, ಒಂದಕ್ಕೆ ಹಾಕಿದ ಮದ್ದು ಇನ್ನೊಂದನ್ನು ತಡೆಯುವುದಿಲ್ಲ. ಕಾಲುಬಾಯಿ ಜ್ವರ ಇನ್ನೂ ನಮ್ಮನ್ನು ಕಾಡುತ್ತಿರುವುದಕ್ಕೂ ದೊಡ್ಡರೋಗ ಹೋಗಿರುವುದಕ್ಕೂ ಇದೊಂದು ದೊಡ್ಡ ಕಾರಣ.

ಈ ರೋಗ ಸದಾ ಸಂಚಾರಿ. ದಂಡು ಹೋದಲ್ಲಿ ದಂಡಿನ ದನ, ವ್ಯಾಪಾರ ಹೋದಲ್ಲಿ ವ್ಯಾಪಾರದ ದನ, ಅವುಗಳ ಜೊತೆಗೆ ರೋಗ. ಯೂರೋಪ್ ಖಂಡದಲ್ಲಿ ಇದು ಪದೇ ಪದೇ ಹಾವಳಿ ಮಾಡುತ್ತಿದ್ದುದರಿಂದಲೇ ೧೭೬೧ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಆ ಖಂಡದ ಮೊದಲನೆಯ ಪಶುವೈದ್ಯ ಶಾಲೆಗೆ ಅಸ್ತಿಭಾರ ಬಿದ್ದಿತು. ಆದರೆ ಅತ್ಯಂತ ಘೋರವಾದ ಕಥೆ ಆಫ್ರಿಕ ಖಂಡದ್ದು. ೧೮೮೭ರ ಸುಮಾರಿಗೆ ಇಟಲಿಯ ಸೈನ್ಯಕ್ಕೆಂದು ಕೆಂಪು ಸಮುದ್ರದ ದಂಡೆಯಲ್ಲಿ ಇಳಿಸಿದ ದನಗಳ ಜೊತೆಯಲ್ಲಿ ರೋಗ ಅಲ್ಲಿ ಇಳಿಯಿತು. ಆ ದನಗಳು ನಮ್ಮ ದೇಶದಿಂದ ಹೋದವೆಂದೇ ಬಹುಮಂದಿ ಚರಿತ್ರಕಾರರ ಅಭಿಪ್ರಾಯ. ಹತ್ತು ವರ್ಷಗಳಲ್ಲಿ ಅದು ಇಥಿಯೋಪಿಯದಿಂದ ದಕ್ಷಿಣದ ತುದಿಯವರೆಗೆ ನಡೆದುಹೋಯಿತು. ದನವನ್ನೇ ನಂಬಿದ ಮಸಾಯಿ ಮೊದಲಾದ ಜನ ಹಸಿವಿನಿಂದ ಸತ್ತರು. ಇಥಿಯೋಪಿಯದಲ್ಲಿ ಉಳುವ ಎತ್ತುಗಳಿಲ್ಲದೆ ಹೊಲಗಳು ಬೀಳುಬಿದ್ದು, ಜನರಲ್ಲಿ ಮೂರನೆಯ ಒಂದು ಪಾಲು ಕ್ಷಾಮಕ್ಕೆ ತುತ್ತಾದರೆಂದು ಅಂದಾಜಿದೆ. ಎತ್ತು ಸತ್ತರೆ ರೈತನ ಮನೆ ಏನಾಗುತ್ತದೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ದೇಶದಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗ ೧೮೭೧ರಲ್ಲಿ ಈ ರೋಗದ ಮೇಲೆ ವರದಿ ಕೊಟ್ಟಿತು. ೧೮೮೯ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ತೆರೆದು, ೧೮೯೩ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು. ಅಂಟುರೋಗದ ವಸ್ತುಗಳನ್ನು ಜನವಸತಿಯಿಂದ ದೂರವಿಡುವುದು ಕ್ಷೇಮ. ಮೇಲಾಗಿ ಬರ್ಫದ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಬೆಟ್ಟದ ಚಳಿಯೇ ಬರ್ಫದ ಪೆಟ್ಟಿಗೆ. ಆಗ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕಾಕ್ ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ಇದೇ ರೋಗದ ಮೇಲೆ ಕೆಲಸ ಮಾಡುತ್ತಿದ್ದನು. ರೋಗದಿಂದ ಸತ್ತ ದನದ ಪಿತ್ತವನ್ನು ಆರೋಗ್ಯವಾದ ದನಕ್ಕೆ ಚುಚ್ಚಿದರೆ ಅದು ರೋಗವನ್ನು ತಡೆಯುತ್ತದೆಂದು ತೋರಿಸಿ, ೧೮೯೭ರಲ್ಲಿ ಭಾರತಕ್ಕೆ ಬಂದಾಗ ಮುಕ್ತೇಶ್ವರಕ್ಕೂ ಹೋದನು. ಜರ್ಮನಿಯವನು ಆಫ್ರಿಕದಲ್ಲಿ ಕಲಿತುದನ್ನು ಹಿಮಾಲಯದಲ್ಲಿ ಹೇಳಿದನು. ಐದು ವರ್ಷಗಳ ಮೇಲೆ, ೧೯೦೨ರಲ್ಲಿ, ತುರ್ಕಿಯ ಇಸ್ತಾಂಬುಲಿನಲ್ಲಿ ಒಬ್ಬ ಫ್ರೆಂಚರವನೂ ಒಬ್ಬ ತುರ್ಕರವನೂ ಕೂಡಿ, ಈ ರೋಗದ ಬೀಜವು ಅತಿ ಸೂಕ್ಷ್ಮವಾದ ಸೋಸುಬಿಲ್ಲೆಯನ್ನೂ ದಾಟಿಹೋಗುವಷ್ಟು ಸಣ್ಣದೆಂದು ಕಂಡುಹಿಡಿದರು.

ಇಷ್ಟಾದರೂ ದೇಶಗಳ ನಡುವೆ ಒಪ್ಪಂದವೆಂಬುದು ಇರಲಿಲ್ಲ. ಅದು ಹುಟ್ಟಿದುದು ಒಂದು ಹಡಗಿನಿಂದ. ೧೯೨೦ರಲ್ಲಿ ನಮ್ಮ ದೇಶದ ದನಗಳನ್ನು ಬ್ರೆಜಿಲಿಗೆ ಒಯ್ಯುತ್ತಿದ್ದರು. ದಾರಿಯಲ್ಲಿ ಬೆಲ್ಜಿಯಮಿನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದಾಗ ಅವುಗಳಿಂದ ಅಲ್ಲಿಯ ದನಗಳಿಗೆ ರೋಗ ಹತ್ತಿತು. ತಮ್ಮಿಂದ ತೊಲಗಿತೆಂದು ನಿಶ್ಚಿಂತರಾಗಿದ್ದ ಯೂರೋಪಿನವರು ಬೆಚ್ಚಿಬಿದ್ದರು. ಮರುವರ್ಷ ಪ್ಯಾರಿಸಿನಲ್ಲಿ ಸಭೆ ಕೂಡಿತು. ೧೯೨೪ರ ಜನವರಿ ೨೫ರಂದು ೨೮ ದೇಶಗಳು ರುಜು ಹಾಕಿ ಪಶುರೋಗಗಳ ಸಲುವಾಗಿ ಒಂದು ಅಂತರರಾಷ್ಟ್ರೀಯ ಕಚೇರಿಯನ್ನು ಪ್ಯಾರಿಸಿನಲ್ಲಿ ಸ್ಥಾಪಿಸಿದವು. ಇಂದು ಅದನ್ನೇ ವಿಶ್ವ ಪಶು ಆರೋಗ್ಯ ಸಂಸ್ಥೆ ಎಂದು ಕರೆಯುತ್ತಾರೆ. ಅದರ ಮೊದಲ ನಿಯಮ ಸರಳವಾದುದು: ನಿಮ್ಮಲ್ಲಿ ರೋಗ ಕಂಡರೆ ಮುಚ್ಚಿಡದೆ ಎಲ್ಲರಿಗೂ ತಿಳಿಸಿ. ಸರಳವಾದರೂ ಪಾಲಿಸುವುದು ಕಷ್ಟ. ರೋಗವಿದೆ ಎಂದು ಬಾಯಿಬಿಟ್ಟ ದೇಶದ ದನವನ್ನು, ಚರ್ಮವನ್ನು, ಮಾಂಸವನ್ನು ಯಾರೂ ಕೊಳ್ಳುವುದಿಲ್ಲ. ನಮ್ಮೂರ ಸಂತೆಗೆ ಕೆಮ್ಮುವ ಆಡನ್ನು ತಂದವನು "ಇದಕ್ಕೆ ಕಾಯಿಲೆ" ಎಂದು ತಾನಾಗಿ ಹೇಳಿದುದನ್ನು ನೀವು ಎಷ್ಟು ಸಲ ಕೇಳಿದ್ದೀರಿ?

ಇನ್ನು ಮದ್ದಿನ ಕಥೆ. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬಾತ ೧೯೨೦ರ ದಶಕದಲ್ಲಿ ದನದ ರೋಗಾಣುವನ್ನು ಆಡಿನ ಮೈಗೆ ಸೇರಿಸಿ, ಆ ಆಡಿನಿಂದ ಇನ್ನೊಂದು ಆಡಿಗೆ, ಅದರಿಂದ ಮತ್ತೊಂದಕ್ಕೆ ಹೀಗೆ ನೂರಾರು ಸಲ ದಾಟಿಸಿದನು. ಬಯಲುಸೀಮೆಯ ಬೀಜವನ್ನು ತಲೆತಲಾಂತರ ಮಲೆಯಲ್ಲಿಯೇ ಬಿತ್ತುತ್ತ ಬಂದರೆ ಅದು ಮಲೆಗೆ ಒಗ್ಗಿ, ತಿರುಗಿ ಬಯಲಿಗೆ ತಂದಾಗ ಸೊರಗುವುದಲ್ಲವೆ? ಹಾಗೆಯೇ ಆಡಿಗೆ ಒಗ್ಗಿದ ರೋಗಾಣು ದನದಲ್ಲಿ ತನ್ನ ಬಿರುಸನ್ನು ಕಳೆದುಕೊಂಡಿತು. ಅದನ್ನು ಚುಚ್ಚಿದರೆ ದನಕ್ಕೆ ಸ್ವಲ್ಪ ಜ್ವರ ಬಂದು ಹೋಗುತ್ತಿತ್ತು. ದೊಡ್ಡರೋಗ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ನಮ್ಮ ನಾಟಿ ದನಗಳು ಈ ಮದ್ದನ್ನು ತಾಳಿಕೊಂಡವು. ಸೀಮೆ ಹಸುಗಳಿಗೆ ಅದು ಬಿರುಸಾಯಿತು. ಇತ್ತ ಜಪಾನಿನ ನಕಮುರ ಎಂಬ ವಿಜ್ಞಾನಿ ಇದೇ ಉಪಾಯವನ್ನು ಮೊಲದಲ್ಲಿ ನಡೆಸಿ ಇನ್ನೂ ಮೃದುವಾದ ಮದ್ದನ್ನು ತಯಾರಿಸಿದನು. ಎರಡನೆಯ ಮಹಾಯುದ್ಧದಲ್ಲಿ ವೈರಿಗಳು ಈ ರೋಗವನ್ನೇ ಅಸ್ತ್ರವಾಗಿ ಎಸೆದಾರೆಂಬ ಭಯದಿಂದ ಅಮೆರಿಕ ಮತ್ತು ಕೆನಡ ದೇಶಗಳು ಕೂಡಿ ಸೇಂಟ್ ಲಾರೆನ್ಸ್ ನದಿಯ ಒಂದು ದ್ವೀಪದಲ್ಲಿ ಕೋಳಿಮೊಟ್ಟೆಯೊಳಗೆ ಮದ್ದನ್ನು ಬೆಳೆಸಿದವು. ಯುದ್ಧಕ್ಕೆಂದು ಮಾಡಿದ ಆ ಮದ್ದು ಯುದ್ಧ ಮುಗಿದ ಮೇಲೆ ಚೀನದ ದನಗಳಿಗೆ ಉಪಯೋಗವಾಯಿತು.

ನಿಜವಾದ ತಿರುವು ಬಂದುದು ಕೀನ್ಯಾ ದೇಶದಿಂದ. ಅಲ್ಲಿಯ ಮುಗುಗದಲ್ಲಿ ವಾಲ್ಟರ್ ಪ್ಲೌರೈಟ್ ಮತ್ತು ಆತನ ಸಂಗಡಿಗರು ೧೯೫೦ರ ದಶಕದ ಕೊನೆಯ ಹೊತ್ತಿಗೆ ಆಡನ್ನೂ ಮೊಲವನ್ನೂ ಬಿಟ್ಟು, ಕರುವಿನ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅದರಲ್ಲಿ ರೋಗಾಣುವನ್ನು ತೊಂಬತ್ತಕ್ಕೂ ಹೆಚ್ಚು ಸಲ ದಾಟಿಸಿದರು. ಹೀಗೆ ಹುಟ್ಟಿದ ಲಸಿಕೆ ನಾಟಿ ದನಕ್ಕೂ ಸೀಮೆ ದನಕ್ಕೂ ಗಬ್ಬದ ಹಸುವಿಗೂ ಎಳೆಗರುವಿಗೂ ತೊಂದರೆ ಮಾಡಲಿಲ್ಲ, ಬೆಲೆಯೂ ಅಗ್ಗ, ಒಮ್ಮೆ ಹಾಕಿದರೆ ಜೀವಮಾನಕ್ಕೆ ಸಾಕು. ಆತನಿಗೆ ೧೯೯೯ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂದಿತು. ನಮಗೆ ಪ್ರಶಸ್ತಿಗಿಂತ ಹೆಚ್ಚಿನದಾಗಿ ತೋರುವುದು ಇನ್ನೊಂದು ಸಂಗತಿ: ಆ ಬೀಜಮದ್ದನ್ನು ಬೀಗ ಹಾಕಿ ಇಟ್ಟುಕೊಳ್ಳದೆ ಕೇಳಿದ ದೇಶಗಳಿಗೆಲ್ಲ ಕೊಟ್ಟರು. ನಮ್ಮ ದೇಶದಲ್ಲಿಯೂ ಅದರಿಂದ ಲಸಿಕೆ ತಯಾರಾಯಿತು. ಮೈಸೂರು ಸೀರಂ ಸಂಸ್ಥೆಯೆಂಬ ಹೆಸರಿನಲ್ಲಿ ೧೯೨೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೇ ಇಂದು ಹೆಬ್ಬಾಳದಲ್ಲಿದೆ. ತಮಿಳುನಾಡಿಗೆ ಅಂಥದೇ ಸಂಸ್ಥೆ ರಾಣಿಪೇಟೆಯಲ್ಲಿದೆ. ಗಡಿಯ ಆಚೆ ಚಾಮರಾಜನಗರದ ನೆಂಟರ ದನಕ್ಕೆ ಹೆಬ್ಬಾಳದ ಶೀಷೆ, ಈಚೆ ನಮ್ಮ ದನಕ್ಕೆ ರಾಣಿಪೇಟೆಯ ಶೀಷೆ. ಒಳಗಿನ ಮದ್ದಿನ ತವರು ಮಾತ್ರ ಒಂದೇ.

ಒಳ್ಳೆಯ ಮದ್ದು ದೊರೆತ ಮೇಲೆ ರೋಗ ಹೋಗಲೇಬೇಕಷ್ಟೆ? ಹಾಗಾಗಲಿಲ್ಲ. ಆಫ್ರಿಕದಲ್ಲಿ ೧೯೬೨ರಿಂದ ೧೯೭೬ರವರೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳು ಕೂಡಿ ಕೋಟ್ಯಂತರ ದನಗಳಿಗೆ ಲಸಿಕೆ ಹಾಕಿದವು. ರೋಗ ಬಹಳಮಟ್ಟಿಗೆ ಅಡಗಿತು. ಅಡಗಿದ್ದನ್ನು ಕಂಡು ಹಣ ಕೊಡುವವರು ಕೈ ಹಿಂದೆಗೆದರು; ಸರಕಾರಗಳು ಬೇರೆ ಕೆಲಸಕ್ಕೆ ಹೋದವು. ಆದರೆ ಒಂದೆರಡು ಮೂಲೆಗಳಲ್ಲಿ, ದೇಶದೇಶಗಳ ಗಡಿಯ ಸಂದಿಯಲ್ಲಿ, ಅಲೆಮಾರಿ ದನಗಾರರ ಮಂದೆಗಳಲ್ಲಿ ರೋಗ ಉಳಿದಿತ್ತು. ೧೯೮೦ರ ದಶಕದ ಆರಂಭದಲ್ಲಿ ಅದು ಮತ್ತೆ ಎದ್ದು ನೈಜೀರಿಯ ಮೊದಲಾದ ದೇಶಗಳನ್ನು ಹಾಳುಮಾಡಿತು. ಕಳೆಯನ್ನು ಹೊಲದ ನಡುವೆ ಕಿತ್ತು ಬದುವಿನಲ್ಲಿ ಬಿಟ್ಟವನ ಪಾಡೇ ಆಯಿತು. ಬದುವಿನ ಮೇಲಿನ ಕಳೆ ಯಾರದು? ಎರಡು ಹೊಲದವರೂ ತನ್ನದಲ್ಲವೆನ್ನುತ್ತಾರೆ. ಗಡಿನಾಡಿನಲ್ಲಿ ಬಾಳುವ ನಮಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ದೇಶದ ಅನುಭವವೂ ಇದಕ್ಕಿಂತ ಬೇರೆಯಲ್ಲ. ಇಲ್ಲಿ ೧೯೫೪ರಲ್ಲಿ ನಿರ್ಮೂಲನ ಕಾರ್ಯ ಆರಂಭವಾಗಿ, ಕೆಲವು ವರ್ಷಗಳಲ್ಲಿಯೇ ಹಾವಳಿ ಬಹಳ ಇಳಿಯಿತು. ಆಮೇಲೆ ಇಳಿದಷ್ಟಕ್ಕೇ ನಿಂತಿತು. ವರ್ಷ ವರ್ಷವೂ ಲಸಿಕೆ ಹಾಕುತ್ತಲೇ ಇದ್ದರು. ರೋಗವೂ ಅಲ್ಲೊಂದು ಇಲ್ಲೊಂದು ಏಳುತ್ತಲೇ ಇತ್ತು. ೧೯೮೭ರಲ್ಲಿ ನಮ್ಮ ಶಾಂತಿಪಾಲನಾ ಸೈನ್ಯದ ಆಹಾರಕ್ಕೆಂದು ಒಯ್ದ ಆಡುಗಳ ಜೊತೆಯಲ್ಲಿ ಅದು ಶ್ರೀಲಂಕೆಗೂ ಸಮುದ್ರ ದಾಟಿ ಹೋಯಿತು. ಕೊನೆಯವರೆಗೆ ರೋಗ ಬೇರುಬಿಟ್ಟುಕೊಂಡಿದ್ದುದು ನಮ್ಮ ದಕ್ಷಿಣದ ರಾಜ್ಯಗಳಲ್ಲಿಯೇ ಎಂಬುದು ನಾವು ಮರೆಯಬಾರದ ವಿಷಯ. ೧೯೯೨ರಲ್ಲಿ ಯೂರೋಪಿನ ದೇಶಗಳ ಒಕ್ಕೂಟದ ಸಹಾಯದೊಡನೆ ಹೊಸ ಯೋಜನೆ ಬಂದಿತು. ಲೆಕ್ಕ ತುಂಬಿಸಲು ಚುಚ್ಚುವುದಕ್ಕಿಂತ, ರೋಗ ಎಲ್ಲಿದೆಯೆಂದು ಹಳ್ಳಿಹಳ್ಳಿ ತಿರುಗಿ ಹುಡುಕಿ ಅಲ್ಲಿ ಮುತ್ತುವುದು ಅದರ ಕ್ರಮ. ೧೯೯೫ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡುದೇ ಭಾರತದ ಕೊನೆಯ ದೊಡ್ಡರೋಗ.

ಆಫ್ರಿಕದಲ್ಲಿಯೂ ೧೯೮೬ರ ಸುಮಾರಿಗೆ ಎರಡನೆಯ ಪ್ರಯತ್ನ ಆರಂಭವಾಯಿತು. ಅಲ್ಲಿ ದೊಡ್ಡ ಅಡ್ಡಿ ಬಿಸಿಲು. ಲಸಿಕೆಯನ್ನು ತಣ್ಣಗಿಡದಿದ್ದರೆ ಕೆಡುತ್ತದೆ. ಮರಳುಗಾಡಿನ ದನಗಾರನ ಬಳಿ ಬರ್ಫದ ಪೆಟ್ಟಿಗೆ ಎಲ್ಲಿಂದ ಬರಬೇಕು? ಅಮೆರಿಕದ ಜೆಫ್ರಿ ಮ್ಯಾರಿನರ್ ಎಂಬ ಪಶುವೈದ್ಯ ವಿಜ್ಞಾನಿ ಅದೇ ಪ್ಲೌರೈಟ್ ಲಸಿಕೆಯನ್ನು ಒಣಗಿಸುವ ಕ್ರಮವನ್ನು ಬದಲಿಸಿ, ತಂಪಿಲ್ಲದೆಯೂ ಕೆಲವು ವಾರ ಕೆಡದಂತೆ ಮಾಡಿದನು. ಆಮೇಲೆ ಇಥಿಯೋಪಿಯ, ಸುಡಾನುಗಳ ದನಗಾರರಲ್ಲಿಯೇ ಚುರುಕಾದವರನ್ನು ಆರಿಸಿ, ಸೂಜಿ ಹಿಡಿಯುವುದನ್ನು ಕಲಿಸಿ, ಲಸಿಕೆಯನ್ನು ಅವರ ಕೈಗೇ ಕೊಟ್ಟರು. ಪಶುವೈದ್ಯರು ಹೋಗಲಾಗದ ಯುದ್ಧಭೂಮಿಗೂ ಅವರು ಹೋದರು. ನಮ್ಮ ಮಾತು ಕೇಳಿದರೆ, ಈ ಕಥೆಯಲ್ಲಿ ಯಾವ ಪ್ರಯೋಗಶಾಲೆಗೂ ಕಡಿಮೆಯಿಲ್ಲದ ಸ್ಥಾನ ಓದುಬರಹ ಬಾರದ ಆ ದನಗಾರರದು.

೧೯೯೪ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘವು ೨೦೧೦ರ ಗುರಿಯಿಟ್ಟು ಎಲ್ಲ ಖಂಡಗಳ ಯತ್ನಗಳನ್ನು ಒಂದು ಸೂತ್ರಕ್ಕೆ ತಂದಿತು. ಇಲ್ಲಿಂದ ಮುಂದಿನದು ಕೇಳಲು ವಿಚಿತ್ರ, ಆದರೆ ಅತ್ಯಂತ ಮುಖ್ಯವಾದುದು. ರೋಗ ಹೋಯಿತೆಂದು ರುಜುವಾತು ಮಾಡಬೇಕಾದರೆ ಲಸಿಕೆಯನ್ನು ನಿಲ್ಲಿಸಲೇಬೇಕು! ಏಕೆಂದರೆ ಲಸಿಕೆ ಬಿದ್ದ ದನದ ರಕ್ತವೂ ರೋಗ ಬಂದು ಹೋದ ದನದ ರಕ್ತವೂ ಪರೀಕ್ಷೆಯಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಲಸಿಕೆ ನಿಲ್ಲಿಸಿದ ಮೇಲೆ ಹುಟ್ಟಿದ ಕರುಗಳ ರಕ್ತದಲ್ಲಿ ಗುರುತು ಕಾಣದಿದ್ದರೆ ಮಾತ್ರ ರೋಗವಿಲ್ಲವೆಂದು ನಂಬಬಹುದು. ಆ ರಕ್ತಪರೀಕ್ಷೆಯನ್ನು ಎಲ್ಲ ದೇಶಗಳಲ್ಲಿಯೂ ಒಂದೇ ಅಳತೆಗೋಲಿನಿಂದ ಮಾಡಿಸಲು ಇಂಗ್ಲೆಂಡಿನ ಪಿರ್‌ಬ್ರೈಟ್ ಪ್ರಯೋಗಶಾಲೆಯೂ ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ನೆರವಾದವು. ಅಣುಬಾಂಬಿನ ನೆನಪು ತರುವ ಹೆಸರಿನ ಸಂಸ್ಥೆ ಕರುವಿನ ರಕ್ತ ನೋಡಿತೆಂದರೆ ನಗು ಬರಬಹುದು; ನಿಜ ಸಂಗತಿ ಅದೇ. ಕಾವಲು ತೆಗೆದು ಮಲಗುವಂಥ ಈ ಧೈರ್ಯವನ್ನು ಒಂದು ದೇಶ ತಾನೊಂದೇ ಮಾಡಲಾರದು. ನೆರೆಯ ದೇಶದ ಮಾತನ್ನು ನಂಬಬೇಕಾಗುತ್ತದೆ. ಭಾರತಕ್ಕೆ ಈ ಸೋಂಕಿನಿಂದ ಮುಕ್ತವೆಂಬ ಮಾನ್ಯತೆ ೨೦೦೬ರಲ್ಲಿ ದೊರೆಯಿತು. ಪ್ರಪಂಚದಲ್ಲಿ ಕೊನೆಯದಾಗಿ ರೋಗ ಕಂಡುದು ೨೦೦೧ರಲ್ಲಿ, ಕೀನ್ಯಾದ ಮೇರು ಅಭಯಾರಣ್ಯದ ಕಾಡುಕೋಣಗಳಲ್ಲಿ. ೨೦೧೧ರ ಮೇ ೨೫ರಂದು ಪ್ಯಾರಿಸಿನಲ್ಲಿಯೂ ಜೂನ್ ೨೮ರಂದು ರೋಮಿನಲ್ಲಿಯೂ ದೊಡ್ಡರೋಗ ತೊಲಗಿತೆಂದು ಸಾರಲಾಯಿತು. ಈಗ ಅದರ ವೈರಾಣು ಉಳಿದಿರುವುದು ಕೆಲವೇ ಪ್ರಯೋಗಶಾಲೆಗಳ ಬೀಗದ ಹಿಂದೆ. ಪಿರ್‌ಬ್ರೈಟಿನವರು ತಮ್ಮಲ್ಲಿದ್ದ ದಾಸ್ತಾನನ್ನು ೨೦೧೯ರಲ್ಲಿ ಸುಟ್ಟುಹಾಕಿದರು. ಉಳಿದವರೂ ಬೇಗ ಹಾಗೆ ಮಾಡಿದರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇದೆಲ್ಲ ಬರಿಯ ಪರೋಪಕಾರ ಬುದ್ಧಿಯಿಂದ ನಡೆಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಯೂರೋಪಿನವರು ಹಣ ಕೊಟ್ಟುದು ರೋಗ ತಮ್ಮ ಬಾಗಿಲಿಗೆ ಮತ್ತೆ ಬಂದೀತೆಂಬ ಭಯದಿಂದಲೂ ಹೌದು. ನಾವು ಕಷ್ಟಪಟ್ಟುದು ನಮ್ಮ ದನದ ಪದಾರ್ಥಗಳಿಗೆ ಹೊರಗೆ ಮಾರುಕಟ್ಟೆ ದೊರೆಯಲೆಂಬ ಆಸೆಯಿಂದಲೂ ಹೌದು. ಅವರವರ ಸ್ವಾರ್ಥ ಒಂದೇ ಕಡೆಗೆ ಎಳೆಯುವಂತೆ ನೊಗ ಕಟ್ಟಿದುದೇ ಜಾಣತನ.

ಈಗ ಅದೇ ನೊಗವನ್ನು ಇನ್ನೊಂದು ರೋಗಕ್ಕೆ ಕಟ್ಟಿದ್ದಾರೆ. ಆಡು ಕುರಿಗಳಿಗೆ ಬರುವ, ಪಿ.ಪಿ.ಆರ್. ಎಂದು ಪಶುವೈದ್ಯರು ಹೇಳುವ ಹಿರೇಬೇನೆಯು ದೊಡ್ಡರೋಗದ ಒಡಹುಟ್ಟು. ಲಕ್ಷಣಗಳು ಎಷ್ಟು ಹತ್ತಿರವೆಂದರೆ ಬಹುಕಾಲ ಎರಡನ್ನೂ ಒಂದೇ ಎಂದು ತಿಳಿದಿದ್ದರು. ನಮ್ಮ ದೇಶದಲ್ಲಿ ಇದನ್ನು ಬೇರೆಯೆಂದು ಗುರುತಿಸಿದುದು ೧೯೮೭ರಲ್ಲಿ, ತಮಿಳುನಾಡಿನ ಅರಸೂರು ಎಂಬ ಹಳ್ಳಿಯ ಕುರಿಗಳಲ್ಲಿ. ೨೦೩೦ರೊಳಗೆ ಇದನ್ನೂ ಲೋಕದಿಂದ ನೀಗಬೇಕೆಂದು ದೇಶಗಳು ೨೦೧೫ರಲ್ಲಿ ನಿಶ್ಚಯಿಸಿವೆ. ನಮ್ಮಲ್ಲಿ ಬಳಕೆಯಲ್ಲಿರುವ ಲಸಿಕೆಗಳಲ್ಲಿ ಒಂದು ಮುಕ್ತೇಶ್ವರದಲ್ಲಿಯೇ ತಯಾರಾದುದು. ಇನ್ನೊಂದರ ಮೂಲ ಆ ಅರಸೂರಿನ ರೋಗಾಣುವೇ.

ಆದುದರಿಂದ ಆಡು ಕುರಿ ಸಾಕಿರುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಜ್ವರ, ಮೂಗಿನಲ್ಲಿ ಗಟ್ಟಿ ಸಿಂಬಳ, ಕಣ್ಣಿನಲ್ಲಿ ಪಿಸರು, ಬಾಯಿಹುಣ್ಣು, ಕೆಮ್ಮು, ಭೇದಿ, ಇವು ಮಂದೆಯಲ್ಲಿ ನಾಲ್ಕಾರಕ್ಕೆ ಒಟ್ಟಿಗೆ ಕಂಡರೆ ಹಿರೇಬೇನೆಯೆಂದು ಶಂಕಿಸಿ ಕೂಡಲೇ ಪಶುವೈದ್ಯರಿಗೆ ತಿಳಿಸಿರಿ. ಗಬ್ಬದವು ಕಂದು ಹಾಕುವುದೂ ಉಂಟು. ಮನುಷ್ಯರಿಗೆ ಇದು ಅಂಟದು. ಕಾಯಿಲೆಯವನ್ನು ಸಂತೆಗೆ ಅಟ್ಟಿ ಕೈತೊಳೆದುಕೊಳ್ಳುವುದರಿಂದ ನಿಮ್ಮ ಮಂದೆ ಉಳಿಯುವುದಿಲ್ಲ. ಉಳಿದವುಗಳಿಗೆ ಆಗಲೇ ಸೋಂಕು ತಗುಲಿರುತ್ತದೆ. ಮರಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಲಸಿಕೆ ಹಾಕಿಸಬಹುದು. ಒಂದು ಸಲಕ್ಕೆ ಸುಮಾರು ಮೂರು ವರ್ಷ ರಕ್ಷಣೆಯುಂಟು. ನಮ್ಮ ಕಡೆಯಲ್ಲಿ ಲಸಿಕೆಯ ಶಿಬಿರದ ಪ್ರಕಟಣೆ ತಮಿಳಿನಲ್ಲಿ ಬರುವುದರಿಂದ ಓದಲು ಬಾರದ ಹಿರಿಯರು ದಿನವನ್ನು ತಪ್ಪಿಸಿಕೊಳ್ಳುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ತಾರೀಖನ್ನು ಕನ್ನಡದಲ್ಲಿ ಬರೆಸಿ ಮನೆಯ ಕಂಬಕ್ಕೆ ಅಂಟಿಸಿಕೊಳ್ಳಿರಿ. ಚಾಮರಾಜನಗರದ ಕಡೆಯಿಂದಾಗಲಿ, ಘಾಟಿಯ ಕೆಳಗಿನ ಸತ್ಯಮಂಗಲದಿಂದಾಗಲಿ ಹೊಸದಾಗಿ ಕೊಂಡು ತಂದುವನ್ನು ಮೂರು ವಾರ ಬೇರೆ ಹಟ್ಟಿಯಲ್ಲಿ ಕಟ್ಟಿ ನೋಡಿ ಆಮೇಲೆ ಮಂದೆಗೆ ಬಿಡತಕ್ಕದ್ದು. ಲಸಿಕೆಯ ಬಲ ಮೈಗೂಡಲು ಎರಡು ಮೂರು ವಾರ ಬೇಕಾದುದರಿಂದ, ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಆಡು ಕುರಿಗಳನ್ನು ಹೊಡೆದುಕೊಂಡು ಹೋಗುವವರು ಆಡಿ ತಿಂಗಳು ಹುಟ್ಟುವ ಮೊದಲೇ ಹಾಕಿಸಿಕೊಂಡಿರಬೇಕು.